ಸಕ್ಕರೆಯೂ ಒಗರೂ: ಫಾರಸಿ ಸಣ್ಣಕತೆಗಳನ್ನು ಕನ್ನಡಕ್ಕೆ ತಂದ ನನ್ನ ಅನುಭವ

ನಾನು ಅನುವಾದಿಸಿದ ಮೊದಲ ಫಾರಸಿ ಕತೆಯಲ್ಲಿ ಒಬ್ಬ ಪುಂಡನಿದ್ದಾನೆ. ಅವನ ಹೆಸರು ಕಾಕಾ ರುಸ್ತುಂ. ಸಾದಿಕ್ ಹೆದಾಯತರ ‘ದಾಶ್ ಆಕುಲ್’ ಎಂಬ ಆ ಕತೆ 1932ರ ಸಂಕಲನವೊಂದರಲ್ಲಿದೆ. ನಡೆಯುವುದು ಇರಾನಿನ ಶಿರಾಜ್ ಪಟ್ಟಣದಲ್ಲಿ. ಅನುವಾದದ ಹಸ್ತಪ್ರತಿಯನ್ನು ಓದಲು ಕೊಟ್ಟಾಗ ಧಾರವಾಡದ ಕಡೆಯ ಗೆಳೆಯರೊಬ್ಬರು ಎರಡು ಪುಟ ಮುಗಿಸಿ ತಲೆಯೆತ್ತಿ, “ಈ ಕಾಕಾ ಯಾರ ಕಾಕಾ?” ಎಂದು ಕೇಳಿದರು. ನಮ್ಮ ಕಡೆ ಕಾಕಾ ಎಂದರೆ ಅಪ್ಪನ ತಮ್ಮ. ಅವರು ಅಲ್ಲಿಯವರೆಗೆ ನಾಯಕನೂ ಪುಂಡನೂ ಒಂದೇ ಮನೆತನದವರೆಂದೂ, ಇದು ದಾಯಾದಿ ಜಗಳದ ಕತೆಯೆಂದೂ ತಿಳಿದು ಓದುತ್ತಿದ್ದರು. ಶಿರಾಜಿನ ಮಾತಿನಲ್ಲಿ ಕಾಕಾ ಎಂದರೆ ಅಣ್ಣ, ಬೀದಿಯಲ್ಲಿ ಗಂಡಸರು ಒಬ್ಬರನ್ನೊಬ್ಬರು ಕರೆಯುವ ಮಾತು. ನಾಯಕ ದಾಶ್ ಆಕುಲನ ಹೆಸರಿನ ‘ದಾಶ್’ ಎಂಬುದೂ ಅಣ್ಣನೆಂಬ ಅರ್ಥದ ‘ದಾದಾಶ್’ ಪದದ ಮೊಟಕು ರೂಪ. ಇಬ್ಬರು ಅಣ್ಣಂದಿರ ಹಗೆಯನ್ನು ನಾನು ಚಿಕ್ಕಪ್ಪ ಮತ್ತು ಅಣ್ಣನ ಮಗನ ವ್ಯಾಜ್ಯವಾಗಿಸಿಬಿಟ್ಟಿದ್ದೆ, ಅದೂ ಒಂದಕ್ಷರವನ್ನೂ ಬದಲಿಸದೆ.

ಅದೇ ಕತೆಯಲ್ಲಿ ದಾಶ್ ಆಕುಲನನ್ನು ‘ಲೂತಿ’ ಎಂದು ಕರೆಯಲಾಗಿದೆ. ಇದನ್ನು ಹಾಗೆಯೇ ಬರೆದರೆ ಕನ್ನಡದ ಓದುಗನ ಕಿವಿಗೆ ಬೀಳುವುದು ‘ಲೂಟಿ’. ನಿಜದಲ್ಲಿ ಲೂತಿಯೆಂದರೆ ಓಣಿಯ ಗಟ್ಟಿಗ, ಕುಡಿಯುವವನು, ಚೂರಿ ಹಿಡಿಯಬಲ್ಲವನು, ಆದರೆ ಬಡವರ, ವಿಧವೆಯರ ಬೆನ್ನಿಗೆ ನಿಲ್ಲುವ ಮರ್ಯಾದೆಯ ಮನುಷ್ಯ. ಸತ್ತವನೊಬ್ಬ ತನ್ನ ಮನೆ, ಆಸ್ತಿ, ಮಕ್ಕಳನ್ನೆಲ್ಲ ಅವನ ಕೈಗೆ ಒಪ್ಪಿಸಿ ಹೋಗಿರುವುದು, ಆ ಮನೆಯ ಹುಡುಗಿಯ ಮೇಲೆ ಮನಸ್ಸಾದರೂ ಅವನು ತುಟಿ ಬಿಚ್ಚದೆ ಅವಳನ್ನು ಬೇರೆಯವನಿಗೆ ಮದುವೆ ಮಾಡಿಕೊಡುವುದು, ಇವೆಲ್ಲ ಆ ಮರ್ಯಾದೆಯ ಕಟ್ಟಳೆಗೆ ಸೇರಿದವು. ಒಂದು ಕಾಲದ ಇರಾನಿನ ಪಟ್ಟಣಗಳಲ್ಲಿ ಪೊಲೀಸು, ನ್ಯಾಯಾಲಯಗಳಿಗಿಂತ ಹೆಚ್ಚು ನಂಬಿಕೆಗೆ ಪಾತ್ರವಾಗಿದ್ದ ಈ ಬಗೆಯ ಗಂಡಸ್ತನ ಅಳಿಯುತ್ತಿರುವುದೇ ಕತೆಯ ವಸ್ತು. ‘ಲೂಟಿ’ ಎಂದು ಕೇಳಿಸಿಕೊಂಡ ಓದುಗನಿಗೆ ಇದರಲ್ಲಿ ಒಂದೂ ಸಿಗುವುದಿಲ್ಲ. ಬಹಳ ದಿನ ಯೋಚಿಸಿ ‘ಗರಡಿಯ ಉಸ್ತಾದ’ ಎಂದು ಬರೆದೆ. ಉಸ್ತಾದ ಎಂಬುದೂ ಫಾರಸಿಯದೇ, ಪೈಲ್ವಾನ ಎಂಬುದೂ ಫಾರಸಿಯದೇ. ನಮ್ಮ ಗರಡಿಮನೆಗೆ ಸಮನಾದ ಅವರ ‘ಜೋರ್‌ಖಾನೆ’ಯ ಎರಡೂ ತುಂಡುಗಳು, ಜೋರು ಮತ್ತು ಖಾನೆ, ಕನ್ನಡದಲ್ಲಿವೆ.

ಈ ಕೆಲಸದಲ್ಲಿ ನಾನು ಕಳೆದ ಹದಿನಾಲ್ಕು ವರ್ಷಗಳ ಅನುಭವವೆಲ್ಲ ಹೆಚ್ಚುಕಡಿಮೆ ಈ ಮೊದಲ ಕತೆಯಲ್ಲೇ ಅಡಗಿತ್ತೆಂದು ಈಗ ತೋರುತ್ತದೆ. ಅಪರಿಚಿತ ಪದ ಎದುರಾದಾಗ ಅನುವಾದಕ ಎಚ್ಚರವಾಗಿರುತ್ತಾನೆ, ನಿಘಂಟು ತೆರೆಯುತ್ತಾನೆ, ತಿಳಿದವರನ್ನು ಕೇಳುತ್ತಾನೆ. ಪರಿಚಿತ ಪದ ಎದುರಾದಾಗ ಮಾತ್ರ ನಂಬಿ ಮುಂದೆ ಹೋಗುತ್ತಾನೆ. ಕನ್ನಡಕ್ಕೂ ಫಾರಸಿಗೂ, ಅದರಲ್ಲೂ ನಾನು ಬದುಕಿದ ವಿಜಯಪುರದ ಕನ್ನಡಕ್ಕೆ, ಪರಿಚಯ ಹಳೆಯದು. ಆದಿಲಶಾಹಿಯ ದಫ್ತರ, ಮೈಸೂರಿನಲ್ಲಿ ಟಿಪ್ಪುವಿನ ಕಾಲದ ಕಾಗದಪತ್ರ, ಇವೆಲ್ಲವುಗಳಿಂದ ನಮಗೆ ಬಂದ ಗುಮಾಸ್ತ, ದರಖಾಸ್ತು, ಬಂದೋಬಸ್ತು, ಜಮೀನು, ಬಜಾರು ಮೊದಲಾದವು ಲೆಕ್ಕವಿಲ್ಲದಷ್ಟಿವೆ. ಆದರೆ ಆ ಪದಗಳು ಇಲ್ಲಿಗೆ ಬಂದು ಮುನ್ನೂರು, ನಾನ್ನೂರು ವರ್ಷ ಬೇರೆ ಸಂಸಾರ ಮಾಡಿಕೊಂಡಿವೆ. ಅಲ್ಲಿ ‘ಜವಾನ್’ ಎಂದರೆ ಯುವಕ, ಇಲ್ಲಿ ಕಚೇರಿಯ ಗಂಟೆ ಬಾರಿಸಿದರೆ ಬರುವವನು. ಅಲ್ಲಿ ‘ತಮಾಶಾ’ ಎಂದರೆ ನೋಡುವುದು, ಇಲ್ಲಿ ನಗೆಯಾಟ. ಅಲ್ಲಿ ‘ಬೀಜಾರ್’ ಎಂದರೆ ಹೇಸಿಕೆಯ ಮಟ್ಟಿಗೆ ಬೇಸತ್ತವನು, ಇಲ್ಲಿ ಬಸ್ಸು ತಡವಾದರೂ ಬೇಜಾರೇ.

ನಾನು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಇರಾನಿನ ಕತೆಗಳು ಮೊದಲು ನನಗೆ ದೊರೆತದ್ದು ಇಂಗ್ಲಿಷಿನಲ್ಲಿಯೇ. ಐದು ಕತೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದೆ. ಆಗ ಕಾಡಿದ ತೊಡಕು ಒಂದೇ ಅಕ್ಷರದ್ದು. ಇಂಗ್ಲಿಷಿನಲ್ಲಿ ಎದುರಿಗಿರುವವರೆಲ್ಲ ‘ಯೂ’. ಕನ್ನಡದಲ್ಲಿ ನೀನು ಅಥವಾ ನೀವು ಎಂದು ತೀರ್ಮಾನಿಸದೆ ಒಂದು ಸಾಲೂ ಮುಂದೆ ಸಾಗದು. ಹೆಂಡತಿ ಗಂಡನನ್ನು ಏನೆಂದು ಕರೆಯುತ್ತಾಳೆ, ಗಂಡ ಹೆಂಡತಿಯನ್ನು ಏನೆಂದು, ಮನೆಯೊಡತಿ ಕೆಲಸದ ಮುದುಕಿಯನ್ನು ಏನೆಂದು, ಎಲ್ಲವನ್ನೂ ಊಹಿಸಿ ಬರೆದೆ. ಮೂಲದಲ್ಲಿ ನಮ್ಮಂತೆಯೇ ಎರಡು ರೂಪಗಳಿವೆ: ನೀನು ಎಂಬುದಕ್ಕೆ ‘ತೊ’, ನೀವು ಎಂಬುದಕ್ಕೆ ‘ಶೊಮಾ’. ಮೂಲವನ್ನು ಓದಲು ಕಲಿತ ಮೇಲೆ ಆ ಐದು ಕತೆಗಳನ್ನು ಸಾಲುಸಾಲಾಗಿ ತಾಳೆ ನೋಡಿದೆ. ನನ್ನ ಊಹೆ ಅರ್ಧಕ್ಕರ್ಧ ತಪ್ಪಾಗಿತ್ತು. ಹಳೆಯ ಮನೆತನದ ದಂಪತಿಗಳು ಪರಸ್ಪರ ‘ಶೊಮಾ’ ಎನ್ನುತ್ತ ಬಂದು, ಜಗಳದ ಒಂದು ಸಾಲಿನಲ್ಲಿ ಮಾತ್ರ ‘ತೊ’ಗೆ ಇಳಿಯುವ ಕಡೆ ಲೇಖಕ ಬಾಗಿಲು ಬಡಿದ ಸದ್ದನ್ನೇ ಬರೆಯಬೇಕಾಗಿಲ್ಲ; ಆ ಒಂದು ಸರ್ವನಾಮ ಸಾಕು. ಇಂಗ್ಲಿಷಿನ ಅನುವಾದಕರು ಅದನ್ನು ತರಲಾರದೆ ಬಿಟ್ಟಿದ್ದರು. ಕನ್ನಡದಲ್ಲಿ ಅದು ಒಂದಿಷ್ಟೂ ಶ್ರಮವಿಲ್ಲದೆ ಬರುತ್ತಿತ್ತು, ನಾನು ಮೂಲಕ್ಕೆ ಹೋಗಿದ್ದರೆ.

ಕಲಿಯುವುದಕ್ಕೆ ನಾಲ್ಕು ವರ್ಷ ಹಿಡಿಯಿತು. ಬಾಲ್ಯದಲ್ಲಿ ನೆರೆಮನೆಯಲ್ಲಿ ಕಲಿತ ಉರ್ದು ಲಿಪಿ ಮರೆತಿರಲಿಲ್ಲವಾದ್ದರಿಂದ ಅಕ್ಷರಗಳ ಕಷ್ಟವಿರಲಿಲ್ಲ. ಮೈಸೂರಿಗೆ ಓದಲು ಬಂದಿದ್ದ ಇರಾನಿ ವಿದ್ಯಾರ್ಥಿನಿಯೊಬ್ಬಳು ಮೊದಲ ಎರಡು ವರ್ಷ ವಾರಕ್ಕೊಮ್ಮೆ ಫೋನಿನಲ್ಲಿ ಪಾಠ ಹೇಳಿದಳು. ನನ್ನ ಉಚ್ಚಾರ ಕೇಳಿ ಅವಳು ನಗುತ್ತಿದ್ದಳು: “ನೀವು ನಮ್ಮ ಮುತ್ತಜ್ಜನ ಪುಸ್ತಕದ ಹಾಗೆ ಮಾತಾಡುತ್ತೀರಿ” ಎನ್ನುತ್ತಿದ್ದಳು. ನಾನು ರೊಟ್ಟಿಗೆ ‘ನಾನ್’ ಎಂದರೆ ಅವಳು ‘ನೂನ್’, ನಾನು ಮನೆಗೆ ‘ಖಾನೆ’ ಎಂದರೆ ಅವಳು ‘ಖೂನೆ’. ಇದು ಕೇವಲ ಉಚ್ಚಾರದ ಮಾತಲ್ಲ. ಆಧುನಿಕ ಕತೆಗಾರರು ಪಾತ್ರಗಳ ಮಾತನ್ನು ಆಡಿದಂತೆಯೇ ಬರೆಯುತ್ತಾರೆ, ಹಾಗೆ ಬರೆದ ರೂಪಗಳು ಹಳೆಯ ನಿಘಂಟಿನಲ್ಲಿ ಸಿಗುವುದಿಲ್ಲ. ನನ್ನ ಮೇಜಿನ ಮೇಲೆ 1892ರ ಸ್ಟೈನ್‌ಗಾಸ್ ಫಾರಸಿ ನಿಘಂಟೂ 1894ರ ಕಿಟ್ಟೆಲ್ ನಿಘಂಟೂ ಅಕ್ಕಪಕ್ಕದಲ್ಲಿರುತ್ತಿದ್ದವು. ಎರಡೂ ದೊಡ್ಡವು, ಎರಡೂ ನನಗೆ ಬೇಕಾದ ಓಣಿಯ ಮಾತು ಹುಟ್ಟುವುದಕ್ಕೆ ಮೊದಲೇ ಅಚ್ಚಾದವು. ಮುಂದೆ ಅಲಿ ಅಕ್ಬರ್ ದೆಹಖುದಾ ಅವರ ಮಹಾನಿಘಂಟನ್ನು ಅಂತರ್ಜಾಲದಲ್ಲಿ ಫಾರಸಿಯಲ್ಲೇ ನೋಡುವುದನ್ನು ರೂಢಿಸಿಕೊಂಡ ಮೇಲೆ ಕೆಲಸ ಸುಲಭವಾಯಿತು. ಸಂಭಾಷಣೆಯನ್ನು ನಾನೂ ‘ಹೋಗುತ್ತೇನೆ’ ಎಂದು ಬರೆಯದೆ ‘ಹೋಗ್ತೀನಿ’ ಎಂದೇ ಬರೆಯತೊಡಗಿದೆ. ನಿರೂಪಣೆಯನ್ನು ಮಾತ್ರ ಗ್ರಂಥಭಾಷೆಯಲ್ಲಿ ಉಳಿಸಿದೆ. ಫಾರಸಿಯ ಕತೆಯಲ್ಲಿ ಈ ಎರಡು ಪದರಗಳ ನಡುವೆ ಇರುವ ಅಂತರ ಕನ್ನಡದಲ್ಲಿರುವ ಅಂತರದಷ್ಟೇ ಇದೆಯೆಂದು ನನಗೆ ಅನ್ನಿಸುತ್ತದೆ.

ಈ ಪದರಗಳದೇ ಕತೆಯಿಂದ ಅವರ ಸಣ್ಣಕತೆ ಆರಂಭವಾಯಿತು. ಮೊಹಮ್ಮದ್ ಅಲಿ ಜಮಾಲ್‌ಜಾದೆಯವರ ಆರು ಕತೆಗಳ ಸಂಕಲನ 1921ರಲ್ಲಿ ಬರ್ಲಿನ್ನಿನಲ್ಲಿ ಅಚ್ಚಾಯಿತು. ಅದರ ಹೆಸರು ಅಜ್ಜಿಕತೆಗಳು ಆರಂಭವಾಗುವ ಸಾಲು: ‘ಒಬ್ಬನಿದ್ದ, ಒಬ್ಬನಿರಲಿಲ್ಲ’. (ಇದಕ್ಕೆ ‘ಒಂದಾನೊಂದು ಊರಿನಲ್ಲಿ’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಕೊನೆಗೆ ಮೂಲದಂತೆಯೇ ಬಿಟ್ಟೆ. ಇದ್ದೂ ಇಲ್ಲದ ಆ ಒಬ್ಬನನ್ನು ಊರಿಗೆ ಸೇರಿಸುವುದು ನನ್ನಿಂದಾಗಲಿಲ್ಲ.) ಅದರ ‘ಫಾರಸಿ ಸಕ್ಕರೆ’ ಎಂಬ ಕತೆಯಲ್ಲಿ ಯುರೋಪಿನಿಂದ ಮರಳಿದವನೊಬ್ಬ ಅಂಜಲಿ ಬಂದರಿನಲ್ಲಿ ಇಳಿದೊಡನೆ ಅಧಿಕಾರಿಗಳ ಕೈಗೆ ಸಿಕ್ಕಿ ಕತ್ತಲೆ ಕೋಣೆಗೆ ಬೀಳುತ್ತಾನೆ. ಅಲ್ಲಿ ಅರಬ್ಬಿಯನ್ನೇ ಉಗುಳುವ ಒಬ್ಬ ಮೌಲ್ವಿ, ಫ್ರೆಂಚ್ ಪದಗಳನ್ನೇ ಜಗಿಯುವ ಒಬ್ಬ ಫರಂಗಿ ಶೋಕಿಲಾಲ, ಇಬ್ಬರ ಮಾತೂ ತಿಳಿಯದೆ ಇವರಿಗೆ ದೆವ್ವ ಹಿಡಿದಿದೆಯೆಂದು ಹೆದರಿ ಅಳುವ ರಮಜಾನ್ ಎಂಬ ಬಡ ಹುಡುಗ. ನಿರೂಪಕ ಸರಳ ಫಾರಸಿಯಲ್ಲಿ ಮಾತಾಡಿದಾಗ ರಮಜಾನನಿಗೆ ಹೋದ ಜೀವ ಬಂದಂತಾಗುತ್ತದೆ. ಸಂವಿಧಾನಕ್ಕಾಗಿ 1906ರಲ್ಲಿ ನಡೆದ ಕ್ರಾಂತಿಯ ನಂತರದ ಇರಾನು ಇಡೀ ಆ ಕೋಣೆಯಲ್ಲಿದೆ: ಮತಪಂಡಿತರ ಒಂದು ಭಾಷೆ, ವಿದೇಶದಲ್ಲಿ ಓದಿದವರ ಒಂದು ಭಾಷೆ, ಇವರಿಬ್ಬರೂ ಯಾರ ಹೆಸರಿನಲ್ಲಿ ಮಾತಾಡುತ್ತಾರೋ ಅವನಿಗೆ ಎರಡೂ ತಿಳಿಯದು.

ಈ ಕತೆ ಕೈಗೆ ಬಂದಾಗ ಇದು ಕನ್ನಡಕ್ಕಾಗಿಯೇ ಬರೆದದ್ದೆಂದು ಹಿಗ್ಗಿದೆ. ಮೌಲ್ವಿಯ ಬಾಯಲ್ಲಿ ಅರಬ್ಬಿಯ ಬದಲು ಮಾರುದ್ದ ಸಂಸ್ಕೃತ ಸಮಾಸಗಳನ್ನು ತುಂಬಿದೆ, ಶೋಕಿಲಾಲನ ಬಾಯಲ್ಲಿ ಫ್ರೆಂಚಿನ ಬದಲು ಇಂಗ್ಲಿಷ್ ಬೆರೆತ ಕನ್ನಡ. ಒಂದು ಸಣ್ಣ ಗೋಷ್ಠಿಯಲ್ಲಿ ಓದಿದಾಗ ಜನ ಹೊಟ್ಟೆ ಹಿಡಿದು ನಕ್ಕರು. ಮುಗಿದ ಮೇಲೆ ಹಿರಿಯ ಮೇಷ್ಟರೊಬ್ಬರು ಹತ್ತಿರ ಬಂದು, “ಎಲ್ಲಾ ಚಲೋ ಅದ. ಆದ್ರ ನಿಮ್ಮ ಮೌಲ್ವಿಗೆ ಜನಿವಾರ ಯಾಕ ಹಾಕ್ಸಿದ್ರಿ?” ಎಂದರು. ಜನ ನಕ್ಕದ್ದು ಇರಾನಿನ ಮೌಲ್ವಿಯನ್ನು ನೋಡಿ ಅಲ್ಲ, ತಮ್ಮ ಊರಿನ ಶಾಸ್ತ್ರಿಗಳನ್ನು ನೆನೆದು. ನಗು ನಿಜ, ಸಮಾಜ ಸುಳ್ಳು. ಮನೆಗೆ ಬಂದು ಮೌಲ್ವಿಯ ಮಾತುಗಳನ್ನೆಲ್ಲ ಅಳಿಸಿದೆ.

ಅರಬ್ಬಿ ತುಂಬಿದ ಕನ್ನಡ ಎಲ್ಲಿದೆ ಎಂದು ಹುಡುಕುತ್ತ ಹೋದರೆ ಅದು ನಮ್ಮದೇ ತಹಶೀಲ್ದಾರ ಕಚೇರಿಯಲ್ಲಿ ಸಿಕ್ಕಿತು. ಸದರಿ, ಮಜಕೂರು, ತಕರಾರು, ಕರಾರು, ಜಪ್ತಿ, ವಾರಸು: ಹಳೆಯ ಕ್ರಯಪತ್ರವೊಂದನ್ನು ಬಿಚ್ಚಿದರೆ ಕ್ರಿಯಾಪದ ಮಾತ್ರ ಕನ್ನಡ, ಉಳಿದದ್ದು ಅರಬ್ಬಿ. ಫಾರಸಿಗೆ ಬಂದ ಅರಬ್ಬಿಯೇ ಫಾರಸಿಯ ಹೆಗಲೇರಿ ನಮಗೂ ಬಂದಿತ್ತು. ಮೌಲ್ವಿಯ ಧಾರ್ಮಿಕ ನುಡಿಗಟ್ಟುಗಳನ್ನು ಅರಬ್ಬಿಯಲ್ಲೇ ಇಟ್ಟು, ನಡುವಿನ ಮಾತಿಗೆ ಈ ಕ್ರಯಪತ್ರದ ಪದಗಳನ್ನು ಬಳಸಿದೆ. ಓದುಗನೂ ರಮಜಾನನಂತೆ ಅರ್ಧ ಕೇಳಿ ಅರ್ಧ ಕಂಗಾಲಾಗುತ್ತಾನೆ. ಪೂರ್ತಿ ಗೆದ್ದೆನೆಂದು ಹೇಳಲಾರೆ. ಈಗ ಮೌಲ್ವಿಯ ಜನಿವಾರ ಹೋಗಿದೆ, ಆದರೆ ಅವನ ಕಿವಿಯ ಮೇಲೆ ಕುಲಕರ್ಣಿಯ ಲೆಕ್ಕಣಿಕೆ ಸಿಕ್ಕಿಸಿದಂತೆ ಕಾಣುವುದುಂಟು. ಹೆಸರಿನಲ್ಲಿರುವ ಸಕ್ಕರೆ ಮಾತ್ರ ನನಗೆ ಪುಕ್ಕಟೆ ಸಿಕ್ಕಿತು. ಫಾರಸಿಯ ‘ಶೆಕರ್’ ನಮ್ಮ ಶರ್ಕರೆಯಿಂದಲೇ ಹೋದದ್ದು.

ಬೈಗುಳದಲ್ಲಿ ನಾನು ಇನ್ನೂ ಹೆಚ್ಚು ಎಡವಿದೆ. ಬುಶೆಹರ್‌ನಲ್ಲಿ ಹುಟ್ಟಿದ ಸಾದಿಕ್ ಚೂಬಕ್ ಅವರ ಕತೆಗಳಲ್ಲಿ ಮೂಟೆ ಹೊರುವವರು, ಹೆಣ ತೊಳೆಯುವವರು, ಕೋತಿಯಾಡಿಸುವವರು ಮಾತಾಡುತ್ತಾರೆ. ಬೈಗುಳವನ್ನು ಮೃದುಗೊಳಿಸಿದರೆ ಆ ಜನವೇ ಇಲ್ಲವಾಗುತ್ತಾರೆ. ಕನ್ನಡದಲ್ಲಿ ಬೈಗುಳಕ್ಕೆ ಬರವಿಲ್ಲ, ನಿಜ. ಆದರೆ ಬರೆಯಲು ಕುಳಿತಾಗ ಗಮನಿಸಿದೆ: ನನ್ನ ನಾಲಿಗೆಗೆ ತಾವಾಗಿ ಬಂದ ಬೈಗುಳಗಳಲ್ಲಿ ಬಹುಪಾಲು ಯಾವುದಾದರೊಂದು ಜಾತಿಯ ಹೆಸರನ್ನೋ ಜಾತಿಯ ಕಸುಬನ್ನೋ ಹೊತ್ತಿದ್ದವು. ಬುಶೆಹರಿನ ಕೂಲಿಯವನ ಬಾಯಲ್ಲಿ ಅದನ್ನಿಟ್ಟರೆ ಪರ್ಷಿಯನ್ ಕೊಲ್ಲಿಯ ದಂಡೆಯ ಮೇಲೆ ನಮ್ಮ ಕೇರಿಯನ್ನು ಕಟ್ಟಿದ ಹಾಗೆ. ಅಲ್ಲಿಯ ಕ್ರೌರ್ಯ ಬೇರೆ, ನಮ್ಮ ಕ್ರೌರ್ಯ ಬೇರೆ. ಅವರ ಬೈಗುಳ ಬಹಳಮಟ್ಟಿಗೆ ಅಪ್ಪನನ್ನು ಹಿಡಿಯುತ್ತದೆ: ‘ಪೆದರ್ ಸಗ್’, ಅಪ್ಪ ನಾಯಿಯಾದವನು, ‘ಪೆದರ್ ಸೂಖ್ತೆ’, ಅಪ್ಪ ಸುಟ್ಟುಹೋದವನು. ಎರಡನೆಯದನ್ನು ‘ನಿನ್ನಪ್ಪನ್ನ ಸುಡ’ ಎಂದು ಖುಷಿಯಿಂದ ಬರೆದು ಒಂದು ವಾರ ಕಳೆದ ಮೇಲೆ ತಪ್ಪು ಹೊಳೆಯಿತು. ಹೆಣ ಸುಡುವವರ ನಡುವೆ ಈ ಮಾತಿನ ಅರ್ಥ ‘ಸಾಯಲಿ’ ಎಂಬುದಷ್ಟೇ. ಹೂಳುವವರ ನಡುವೆ ಸುಡುವುದೆಂದರೆ ನರಕ. ‘ನಿನ್ನಪ್ಪ ನರಕದಾಗ ಬೇಯಲಿ’ ಎಂದು ತಿದ್ದಿದೆ. ಜಾತಿಯ ವಾಸನೆಯಿಲ್ಲದ ಕನ್ನಡ ಬೈಗುಳಗಳ ಒಂದು ಪಟ್ಟಿಯೇ ನನ್ನ ಬಳಿ ಈಗ ಇದೆ. ಅದು ನಾವು ಅಂದುಕೊಂಡದ್ದಕ್ಕಿಂತ ಚಿಕ್ಕದು.

ಒಳ್ಳೆಯ ಮಾತುಗಳಲ್ಲಿ ಕಷ್ಟ ಕಡಿಮೆ. ಕೃತಜ್ಞತೆಗೆ ಅವರು ‘ನಿಮ್ಮ ಕೈ ನೋಯದಿರಲಿ’ ಎನ್ನುತ್ತಾರೆ. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎನ್ನುವ ನಮಗೆ ಇದು ಅಡಿಟಿಪ್ಪಣಿಯಿಲ್ಲದೆ ತಿಳಿಯುತ್ತದೆ.

ಲಿಂಗದ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಫಾರಸಿಯಲ್ಲಿ ಅವನು, ಅವಳು ಎಂಬ ಭೇದವಿಲ್ಲ, ಇಬ್ಬರಿಗೂ ‘ಊ’. ಕ್ರಿಯಾಪದದಲ್ಲೂ ಇಲ್ಲ. ಕನ್ನಡದಲ್ಲಿ ಸರ್ವನಾಮವನ್ನು ಬಿಟ್ಟರೂ ‘ಬಂದನು’, ‘ಬಂದಳು’ ಎಂದು ಕ್ರಿಯಾಪದ ಬಾಯಿ ಬಿಡುತ್ತದೆ. ಉತ್ತಮಪುರುಷದ ನಿರೂಪಣೆಯಾದರೆ ಚಿಂತೆಯಿಲ್ಲ, ‘ಬಂದೆನು’ ಎನ್ನುವವರು ಯಾರೆಂದು ಕನ್ನಡವೂ ಹೇಳದು. ಪ್ರಥಮಪುರುಷದಲ್ಲಿ ಲೇಖಕ ಬೇಕೆಂದೇ ಗುಟ್ಟು ಕಾಯ್ದಿರುವ ಕಡೆ ‘ಬಾಗಿಲು ತಟ್ಟಿದ್ದು’, ‘ಮಾತು ಆರಂಭಿಸಿದ್ದು’, ‘ಹೊರಗೆ ನಿಂತಿದ್ದವರು’ ಎಂಬಂಥ ರೂಪಗಳಿಂದ ಒಂದು ಪುಟದವರೆಗೆ ಸಾಗಬಹುದು, ಅದಕ್ಕಿಂತ ಹೆಚ್ಚಾದರೆ ವಾಕ್ಯ ಕುಂಟುತ್ತದೆ. ಎಬ್ರಾಹೀಂ ಗುಲಿಸ್ತಾನರ ‘ಮೀನು ಮತ್ತು ಅದರ ಜೋಡಿ’ ಎಂಬ ಅತಿ ಚಿಕ್ಕ ಕತೆಯಲ್ಲಿ ಕನ್ನಡ ನನ್ನ ಕೈ ಹಿಡಿಯಿತು. ಗಾಜಿನ ತೊಟ್ಟಿಯಲ್ಲಿ ಎರಡು ಮೀನು ಒಂದೇ ಲಯದಲ್ಲಿ ಈಜುವುದನ್ನು ಕಂಡು ಒಬ್ಬ ಮನುಷ್ಯ ಮೈಮರೆಯುತ್ತಾನೆ. ಪಕ್ಕದಲ್ಲಿದ್ದ ಮಗು, ಅವು ಎರಡಲ್ಲ, ಒಂದು ಗಾಜಿನಲ್ಲಿ ಕಾಣುವ ನೆರಳು ಎನ್ನುತ್ತದೆ. ಮೀನೂ ನಪುಂಸಕ, ಮಗುವೂ ನಪುಂಸಕ, ನೋಡುವವನೊಬ್ಬನೇ ಗಂಡಸು. ಜೊತೆಗೆ ಅವನು ಮೀನುಗಳನ್ನು ನೋಡುವ ‘ನೆಗಾಹ್’ ನಮ್ಮ ‘ನಿಗಾ’. ಆದರೂ ‘ನಿಗಾ ಇಟ್ಟಿದ್ದ’ ಎಂದು ಬರೆಯಲಿಲ್ಲ. ಹಾಗೆ ಬರೆದರೆ ಅವನು ಮೀನುಗಳ ಕಾವಲುಗಾರನಾಗಿಬಿಡುತ್ತಿದ್ದ.

ಜಲಾಲ್ ಆಲೆ ಅಹಮದ್ ಅವರ ಎರಡು ಕತೆಗಳಲ್ಲಿ ಒಂದೊಂದು ಪದಕ್ಕಾಗಿ ನಾನು ಪಟ್ಟ ಪಾಡು ಬೇರೆ. ಮೊದಲನೆಯದರಲ್ಲಿ ಒಬ್ಬ ಹೆಂಗಸು ತನ್ನ ಮೂರು ವರ್ಷದ ಮಗನನ್ನು ಪಟ್ಟಣದ ಬೀದಿಯಲ್ಲಿ ತಿಂಡಿ ತರಲು ಆಚೆಗೆ ಕಳುಹಿಸಿ, ಅವನು ಮರಳುವ ಮೊದಲೇ ಕಣ್ಮರೆಯಾಗುತ್ತಾಳೆ. ಮಗು ಮೊದಲ ಗಂಡನದು, ಎರಡನೆಯ ಗಂಡನಿಗೆ ಅದು ಬೇಡ. ಕತೆಯನ್ನು ಅವಳೇ ಹೇಳುತ್ತಾಳೆ, ನೆರೆಯವಳೆದುರು ಸಮಜಾಯಿಷಿ ಕೊಡುವ ದನಿಯಲ್ಲಿ. ಹೆಸರಿನಲ್ಲಿರುವ ‘ಮರ್ದುಮ್’ ಎಂಬ ಪದಕ್ಕೆ ಜನ ಎಂದೂ ಅರ್ಥ, ಪರರು ಎಂದೂ ಅರ್ಥ. ‘ಯಾರದೋ ಮಗು’, ‘ಪರರ ಮಗು’, ‘ಜನರ ಮಗು’ ಯಾವುದೂ ಕೂಡಲಿಲ್ಲ. ಒಂದು ದಿನ ಮನೆಗೆಲಸಕ್ಕೆ ಬರುವಾಕೆ ಬೇರೇನೋ ಮಾತಿನ ನಡುವೆ “ಮಂದಿ ಮಕ್ಕಳ್ನ ನಾವ್ಯಾಕ ಬೈಯೂಣ್ರಿ” ಎಂದಳು. ಮಂದಿ! ಜನವೂ ಅದೇ, ಪರರೂ ಅದೇ. ‘ಮಂದಿ ಕೂಸು’ ಎಂದು ಹೆಸರಿಟ್ಟೆ. ಹೆತ್ತ ತಾಯಿಯೇ ತನ್ನ ಮಗುವನ್ನು ‘ಮಂದಿದು’ ಎನ್ನುವಂತೆ ಮಾಡಿದ ಒಂದು ವ್ಯವಸ್ಥೆಯ ಮೇಲೆ ಲೇಖಕ ಒಂದು ಮಾತೂ ಆಡುವುದಿಲ್ಲ, ಆಡುವ ಅಗತ್ಯವೂ ಇಲ್ಲ.

ಎರಡನೆಯದು 1936ರ ಜನವರಿಯಲ್ಲಿ ರೆಜಾ ಶಾಹ ಹೆಂಗಸರ ಪರದೆಯನ್ನು ಬಲವಂತವಾಗಿ ತೆಗೆಸಿದ ಆಜ್ಞೆಗೆ ಸಂಬಂಧಿಸಿದ್ದು. ಮೌಲ್ವಿಯೊಬ್ಬರಿಗೆ ಸರ್ಕಾರಿ ಸಮಾರಂಭಕ್ಕೆ ‘ಪತ್ನೀಸಮೇತ’ ಬರಬೇಕೆಂದು ಕರೆಯೋಲೆ ಬರುತ್ತದೆ. ಹೆಂಡತಿಯನ್ನು ಮುಸುಕಿಲ್ಲದೆ ಕರೆದೊಯ್ಯಲಾರರು, ಹೋಗದೆ ಇರಲಾರರು. ಸಮಾರಂಭದ ಮಟ್ಟಿಗೆ ಬೇರೊಬ್ಬ ಹುಡುಗಿಯನ್ನು ತಾತ್ಕಾಲಿಕವಾಗಿ ಮದುವೆಯಾಗಿ ಕರೆದೊಯ್ಯುವ ಉಪಾಯ ಹೊಳೆಯುತ್ತದೆ. ಎಲ್ಲವನ್ನೂ ನೋಡುವವನು, ಏನೂ ತಿಳಿಯದವನು, ಅವರ ಎಳೆಯ ಮಗ. ಶಿಯಾ ಪಂಥದಲ್ಲಿ ಇರುವ ಈ ಅವಧಿಬದ್ಧ ಮದುವೆಗೆ ‘ಸೀಘೆ’ ಎನ್ನುತ್ತಾರೆ. ಹಾಗೆಯೇ ಬರೆದರೆ ನಮ್ಮ ಓದುಗ ತಲೆಗೆ ಹಚ್ಚಿಕೊಳ್ಳುವ ಸೀಗೆಪುಡಿಯನ್ನು ನೆನೆಯುತ್ತಾನೆ. ಅಡಿಟಿಪ್ಪಣಿ ಹಾಕಿದರೆ ಹುಡುಗನಿಗೆ ತಿಳಿಯದ್ದನ್ನು ನಾನು ಓದುಗನಿಗೆ ಮೊದಲೇ ಹೇಳಿದಂತೆ. ‘ವಾಯಿದೆ ನಿಕಾ’ ಎಂದು ಕಟ್ಟಿದೆ. ಸಾಲಕ್ಕೆ ವಾಯಿದೆ ಇರುವುದು ಎಲ್ಲರಿಗೂ ಗೊತ್ತು. ಮದುವೆಗೂ ಇದ್ದರೆ ಅದೇನೆಂದು ಓದುಗ ತಾನೇ ಊಹಿಸುತ್ತಾನೆ, ಹುಡುಗನ ಮುಖ ನೋಡುತ್ತ. ಈ ಕತೆಯನ್ನು ಪರದೆಯ ಪರವಾಗಿ ಓದಿದವರೂ ವಿರುದ್ಧವಾಗಿ ಓದಿದವರೂ ನನಗೆ ಸಿಕ್ಕಿದ್ದಾರೆ. ಹೆಂಗಸಿನ ಬಟ್ಟೆಯನ್ನು ಗಂಡಸರು ತೀರ್ಮಾನಿಸುವ ಮನೆಯೊಳಗೆ ಅವಳ ಅಭಿಪ್ರಾಯವನ್ನು ಕೇಳಿದವರು ಯಾರೂ ಇಲ್ಲವೆಂಬುದನ್ನು ಇಬ್ಬರೂ ಗಮನಿಸಲಿಲ್ಲ.

ಗುಲಾಮ್‌ಹುಸೇನ್ ಸಾಎದಿಯವರು 1964ರಲ್ಲಿ ಪ್ರಕಟಿಸಿದ, ಬಯಲ್ ಎಂಬ ಹಳ್ಳಿಯ ಕತೆಗಳಲ್ಲಿ ಹಸುವಿನ 

ಕತೆ ಎಲ್ಲಕ್ಕಿಂತ ಹೆಚ್ಚು ಪ್ರಸಿದ್ಧ. ದಾರಿಯುಶ್ ಮೆಹರ್‌ಜೂಯಿ 1969ರಲ್ಲಿ ಅದನ್ನು ಚಲನಚಿತ್ರವಾಗಿಸಿದರು. ಮಶ್ದಿ ಹಸನ್ ಊರಲ್ಲಿಲ್ಲದಾಗ ಅವನ ಹಸು ಸಾಯುತ್ತದೆ. ಊರವರು ಹೂತುಹಾಕಿ, ಓಡಿಹೋಯಿತೆಂದು ಸುಳ್ಳು ಹೇಳುತ್ತಾರೆ. ಅವನು ಕ್ರಮೇಣ ತಾನೇ ಹಸುವಾಗುತ್ತಾನೆ. ಕನ್ನಡದಲ್ಲಿ ‘ಹಸು’ ಎಂದೊಡನೆ ಪುಣ್ಯಕೋಟಿ ಎದ್ದು ನಿಲ್ಲುತ್ತಾಳೆ. ಪೂಜೆ, ಪಾಪ, ಪವಿತ್ರತೆ ಯಾವುದೂ ಬಯಲ್‌ನಲ್ಲಿಲ್ಲ. ಅಲ್ಲಿರುವುದು ಬಡತನ, ಅಂಜಿಕೆ, ಒಬ್ಬ ಮನುಷ್ಯ ತನ್ನದೆಂದು ಹೇಳಿಕೊಳ್ಳಬಹುದಾದ ಒಂದೇ ಒಂದು ಪ್ರಾಣಿ. ‘ಗೋವು’ ಎಂಬ ಪದವನ್ನು ಒಮ್ಮೆಯೂ ಬಳಸಬಾರದೆಂದು ನಿಶ್ಚಯಿಸಿದೆ, ಫಾರಸಿಯ ‘ಗಾವ್’ ಅದರ ಒಡಹುಟ್ಟಿದ ಪದವಾಗಿದ್ದರೂ. ‘ದನ’, ‘ಆಕಳು’ ಎಂದೇ ಬರೆದೆ. ‘ಮಶ್ದಿ’ಯನ್ನು ಬಿಡಲಿಲ್ಲ. ಮೆಕ್ಕಾಕ್ಕೆ ಹೋಗಿ ಬಂದವನು ಹಾಜಿ, ಕರ್ಬಲಾಕ್ಕೆ ಹೋದವನು ಕರ್ಬಲಾಯಿ, ದೇಶದೊಳಗಿನ ಮಶಹದ್ ಪಟ್ಟಣದ ದರ್ಗಾಕ್ಕೆ ಹೋದವನು ಮಶ್ದಿ. ಯಾತ್ರೆಯ ದೂರದಿಂದಲೇ ಮನುಷ್ಯನ ಕೈಯಲ್ಲಿದ್ದ ಹಣ ತಿಳಿಯುತ್ತದೆ. ಊರಿನ ಗಂಡಸರಲ್ಲಿ ಮಶ್ದಿಗಳೇ ತುಂಬಿರುವ ಕತೆಯಲ್ಲಿ ಬಡತನವನ್ನು ಬೇರೆಯಾಗಿ ವರ್ಣಿಸಬೇಕಿಲ್ಲ.

ಬುಜುರ್ಗ್ ಅಲವಿಯವರ ‘ಗೀಲೆ ಮರ್ದ್’, ಅಂದರೆ ಗೀಲಾನಿನ ಮನುಷ್ಯ, ನನಗೆ ಬೇರೊಂದು ಪಾಠ ಕಲಿಸಿತು. ಜಮೀನ್ದಾರನ ಪಾಲು ಕೊಡಲು ಒಪ್ಪದ ರೈತನೊಬ್ಬನನ್ನು ಇಬ್ಬರು ಬಂದೂಕಿನವರು ಕಾಡಿನ ದಾರಿಯಲ್ಲಿ ಹಿಡಿದೊಯ್ಯುತ್ತಾರೆ, ಕತೆಯುದ್ದಕ್ಕೂ ಮಳೆ ಸುರಿಯುತ್ತದೆ. ಇರಾನ್ ಎಂದರೆ ಮರಳು ಎಂದು ತಿಳಿದವರಿಗೆ ಕಾಸ್ಪಿಯನ್ ದಂಡೆಯ ಗೀಲಾನ್ ಭತ್ತ, ಚಹ ಬೆಳೆಯುವ ಮಲೆನಾಡಿನಂಥ ನಾಡೆಂದು ಗೊತ್ತಿರುವುದಿಲ್ಲ. ಬೀದರಿನಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ ಆ ಗೀಲಾನಿನವನೇ. ಮಳೆಗೆ ಪದಗಳು ಬೇಕಾದಾಗ ಬಯಲುಸೀಮೆಯವನಾದ ನನ್ನ ಚೀಲ ಬರಿದಾಗಿತ್ತು. ನಮ್ಮಲ್ಲಿ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತೀರ್ಥಹಳ್ಳಿಯ ಕಡೆಯ ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನು ಮಾಡಿ ಜಡಿಮಳೆ, ಸೋನೆ, ಜಿಟಿಜಿಟಿ, ಹನಿ ಕಡಿಯದ ಮಳೆ ಎಂದು ಬರೆದುಕೊಂಡೆ.

ಹೆದಾಯತರಿಗೂ ನಮಗೂ ಇರುವ ನಂಟನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1936–37ರಲ್ಲಿ ಅವರು ಮುಂಬಯಿಯಲ್ಲಿದ್ದು ಪಾರಸಿ ವಿದ್ವಾಂಸರಲ್ಲಿ ಪಹ್ಲವಿ ಎಂಬ ಹಳೆಯ ಫಾರಸಿಯನ್ನು ಕಲಿತರು. ತಮ್ಮ ‘ಕುರುಡು ಗೂಬೆ’ ಕಾದಂಬರಿಯನ್ನು ಕೈಬರಹದ ಪ್ರತಿಯಿಂದ ಸುಮಾರು ಐವತ್ತು ಪ್ರತಿ ತೆಗೆದು, ಇರಾನಿನಲ್ಲಿ ಮಾರಾಟಕ್ಕಲ್ಲವೆಂದು ನಮೂದಿಸಿ ಹಂಚಿದ್ದು ಅಲ್ಲಿಯೇ. ಭಾರತವನ್ನು ಕುರಿತು ಅವರು ಫ್ರೆಂಚಿನಲ್ಲಿ ಬರೆದ ಕತೆಯೊಂದರ ಹೆಸರು ‘ಸಂಪಿಂಗೆ’. ಅದನ್ನು ಕಂಡ ದಿನ ನಮ್ಮ ಸಂಪಿಗೆ ಅಷ್ಟು ದೂರ ಹೋಗಿ ಬಂತಲ್ಲ ಎಂದು ಸಂತೋಷವಾಯಿತು.

ಇಸ್ಲಾಮಿಕ್ ಕ್ರಾಂತಿಯ ನಂತರದ ಕತೆಗಳಿಗೆ ಬಂದಾಗ ನನ್ನ ಓದುವ ರೀತಿಯೇ ಬದಲಾಗಬೇಕಾಯಿತು. 1979ರ ನಂತರವೂ, ಅದಕ್ಕೂ ಮೊದಲು ಶಾಹನ ಕಾಲದಲ್ಲೂ, ಇರಾನಿನಲ್ಲಿ ಪುಸ್ತಕ ಹೊರಬರಬೇಕಾದರೆ ಸರ್ಕಾರದ ಕಣ್ಣು ದಾಟಬೇಕು. 1994ರಲ್ಲಿ 134 ಲೇಖಕರು ‘ನಾವು ಲೇಖಕರು’ ಎಂಬ ಬಹಿರಂಗ ಪತ್ರಕ್ಕೆ ಸಹಿ ಹಾಕಿ ಇದನ್ನು ಪ್ರತಿಭಟಿಸಿದರು. ಇಂಥ ಕಡೆ ಬರೆದ ಕತೆಯಲ್ಲಿ ಬರೆಯದೆ ಬಿಟ್ಟದ್ದೂ ಬರವಣಿಗೆಯ ಭಾಗ. ಜೋಯಾ ಪೀರ್ಜಾದ್ ಅವರ ಕತೆಗಳನ್ನು ಅನುವಾದಿಸುವಾಗ ಮೊದಲಿಗೆ ಏನೂ ನಡೆಯುತ್ತಿಲ್ಲವೆನ್ನಿಸಿತು. ಹೆಂಗಸು ಸೊಪ್ಪು ಬಿಡಿಸುತ್ತಾಳೆ, ಕಿಟಕಿಯಾಚೆ ನೋಡುತ್ತಾಳೆ, ಗಂಡ ಬರುವ ಹೊತ್ತಾಗುತ್ತದೆ. ವಾಕ್ಯಗಳು ಗಿಡ್ಡ, ಅದೇ ಪದಗಳು ಮತ್ತೆಮತ್ತೆ. ಬೇಸತ್ತು ನಾನು ವಾಕ್ಯಗಳನ್ನು ಕೂಡಿಸಿ, ಪದಗಳನ್ನು ಬದಲಿಸಿ ‘ಚೆಂದ’ ಮಾಡಿದೆ. ಓದಿದರೆ ಕತೆ ಸತ್ತಿತ್ತು. ಬೇಸರವೇ ಕತೆಯ ಜೀವವಾಗಿದ್ದುದನ್ನು ನಾನು ಅಲಂಕಾರದಿಂದ ಮುಚ್ಚಿದ್ದೆ. ಎಲ್ಲವನ್ನೂ ಬಿಚ್ಚಿ ಮತ್ತೆ ಮೂಲದ ಗಿಡ್ಡ ವಾಕ್ಯಗಳಿಗೆ ಮರಳಿದೆ.

ಅವರ 1997ರ ಸಂಕಲನದ ಹೆಸರಿನಲ್ಲಿ ‘ಖುರ್ಮಾಲೂ’ ಎಂಬ ಹಣ್ಣಿದೆ, ಇಂಗ್ಲಿಷಿನಲ್ಲಿ ಪರ್ಸಿಮನ್ ಎನ್ನುವ ಕೇಸರಿ ಬಣ್ಣದ ಹಣ್ಣು. ಖುರ್ಮಾ ಎಂದರೆ ಖರ್ಜೂರ, ಆಲೂ ಎಂದರೆ ಪ್ಲಮ್ ಜಾತಿಯ ಹಣ್ಣು, ನಮ್ಮ ಆಲೂಬುಖಾರದಲ್ಲಿ ಇರುವಂತೆ; ಆಲೂಗಡ್ಡೆಯಲ್ಲ. ಹಣ್ಣಿಗೆ ಕನ್ನಡದಲ್ಲಿ ಹೆಸರಿಲ್ಲ, ಆದರೆ ಅದರ ರುಚಿಗೆ ಇದೆ. ಮೂಲದ ‘ಗಸ್’ ಎಂಬ ಪದಕ್ಕೆ ಇಂಗ್ಲಿಷಿನವರು ಕಹಿಯೆಂದೋ ಹುಳಿಯೆಂದೋ ಖಾರವೆಂದೋ ತೋರುವ ಪದಗಳನ್ನು ಹುಡುಕಬೇಕಾಗುತ್ತದೆ. ಕನ್ನಡದಲ್ಲಿ ಅದು ಒಗರು. ಎಳೆಯ ಬಾಳೆಕಾಯಿ ಕಚ್ಚಿದವರಿಗೆಲ್ಲ ನಾಲಿಗೆಯ ಮೇಲೆ ಇರುವ ಪದ. ಒಡೆಯದ ಒಂದು ಮದುವೆಯ, ಒಪ್ಪಿಕೊಂಡರೂ ಗಂಟಲಿಗಿಳಿಯದ ಒಂದು ಬಾಳಿನ ರುಚಿ ಅದು. ಹದಿನಾಲ್ಕು ವರ್ಷಗಳಲ್ಲಿ ಫಾರಸಿಯ ಪದಕ್ಕೆ ಎದುರಾಗಿ ಕನ್ನಡದ ಅಚ್ಚ ದೇಸಿ ಪದವೊಂದು ಹೀಗೆ ಕೂದಲೆಳೆಯ ವ್ಯತ್ಯಾಸವಿಲ್ಲದೆ ಬಂದು ಕೂತದ್ದು ನನಗೆ ನೆನಪಿರುವಂತೆ ಅದೊಂದೇ ಸಲ, ಅದೂ ಎರಡು ಭಾಷೆಗಳ ನಡುವೆ ಸಾಲದ ವ್ಯವಹಾರವೇ ಇಲ್ಲದ ಕಡೆ.

ಅನುಮತಿಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ, ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಕೇಳುತ್ತಿರುತ್ತಾರೆ. ಇರಾನ್ ಕೃತಿಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿಲ್ಲ. ಹಾಗೆಂದು ಬದುಕಿರುವ ಲೇಖಕರನ್ನು ಕೇಳದೆ ಪ್ರಕಟಿಸುವುದು ನನಗೆ ಸರಿಕಾಣಲಿಲ್ಲ. ಪತ್ರ ಬರೆದು ಒಪ್ಪಿಗೆ ಬಂದ ಮೇಲೆಯೇ ಅಚ್ಚಿಗೆ ಕೊಟ್ಟೆ, ಒಪ್ಪಿಗೆ ಬಾರದ ಎರಡು ಕತೆಗಳು ಕಪಾಟಿನಲ್ಲೇ ಇವೆ. ಇಂಗ್ಲಿಷ್ ಅನುವಾದದಿಂದ ಕನ್ನಡಕ್ಕೆ ತರುವವರು ಆ ಇಂಗ್ಲಿಷ್ ಪಠ್ಯಕ್ಕೆ ಅದರದೇ ಹಕ್ಕುದಾರರಿದ್ದಾರೆಂಬುದನ್ನು ಮರೆಯಬಾರದು. ನನ್ನ ಮೊದಲ ಐದು ಕತೆಗಳಲ್ಲಿ ಇದನ್ನು ಮರೆತು, ಪ್ರಕಾಶಕರು ಕೇಳಿದಾಗ ಪೆಚ್ಚಾಗಿ, ಎಲ್ಲವನ್ನೂ ಫಾರಸಿಯಿಂದ ಮತ್ತೆ ಅನುವಾದಿಸಿದೆ.

ಈಗ ಗೋಲಿ ತರಕ್ಕಿಯವರ ‘ಶೆಮಿರಾನ್ ಬಸ್ಸು’ ಮೇಜಿನ ಮೇಲಿದೆ. ಪ್ಯಾರಿಸ್ಸಿನಲ್ಲಿ ನೆಲೆಸಿದ ತಾಯಿಯೊಬ್ಬಳು ಹಿಮ ಬೀಳುವಾಗ ಮಗಳೊಂದಿಗೆ ಬಸ್ಸಿಗೆ ಕಾಯುತ್ತ, ತಾನು ಹುಡುಗಿಯಾಗಿದ್ದಾಗ ತೆಹರಾನಿನಲ್ಲಿ ಹತ್ತುತ್ತಿದ್ದ ಬಸ್ಸನ್ನೂ ಅದರ ಚಾಲಕನನ್ನೂ ನೆನೆಯುತ್ತಾಳೆ. ಚಾಲಕನ ಹೆಸರು ಅಜೀಜ್ ಆಗಾ. ಫಾರಸಿಯಲ್ಲಿ ‘ಆಗಾ’ ಮನೆತನದ ಹೆಸರಿನ ಮುಂದೆ ಬಂದರೆ ದೊಡ್ಡ ಮನುಷ್ಯ. ಕೊಟ್ಟ ಹೆಸರಿನ ಹಿಂದೆ ಬಂದರೆ ಚಾಲಕ, ಅಂಗಡಿಯವನು, ಸಲಿಗೆಯ ಗೌರವಕ್ಕೆ ಪಾತ್ರನಾದವನು. ಸ್ಥಿತಿವಂತರ ಮನೆಯ ಹುಡುಗಿಗೂ ಆ ಚಾಲಕನಿಗೂ ನಡುವೆ ಇರುವ ದೂರ, ಆ ದೂರವನ್ನು ದಾಟುವ ಅಕ್ಕರೆ, ಎರಡೂ ಪದದ ಜಾಗದಲ್ಲಿವೆ. ‘ಅಜೀಜಣ್ಣ’ ಎಂದರೆ ಅಕ್ಕರೆ ಬರುತ್ತದೆ, ದೂರ ಅಳಿಯುತ್ತದೆ. ‘ಅಜೀಜ್ ಸಾಹೇಬರು’ ಎಂದರೆ ಅವನು ಅಧಿಕಾರಿಯಾಗುತ್ತಾನೆ. ‘ಅಜೀಜ್ ಸಾಬ’ ಎಂದರೆ ನಮ್ಮ ಹಳ್ಳಿಗಳ ಬಾಯಿಗೆ ಸರಿಯಾಗಿ ಹೊಂದುತ್ತದೆ, ಆದರೆ ಒಡೆಯ ಎಂಬ ಅರ್ಥದ ಆ ಪದವನ್ನು ನಾವು ಇಲ್ಲಿ ಎಲ್ಲಿಗೆ ತಂದು ನಿಲ್ಲಿಸಿದ್ದೇವೆಂಬುದು ಎಲ್ಲರಿಗೂ ಗೊತ್ತು. ಎಲ್ಲರೂ ಮುಸಲ್ಮಾನರೇ ಆಗಿರುವ ಬಸ್ಸಿನಲ್ಲಿ ಒಬ್ಬನನ್ನು ಮಾತ್ರ ‘ಸಾಬ’ ಎಂದು ಕರೆದರೆ ಕನ್ನಡದ ಓದುಗ ಆ ಪುಟ್ಟ ಹುಡುಗಿಯನ್ನು ತನ್ನವಳೆಂದು ಎಣಿಸಿ ಅವನನ್ನು ಬೇರೆಯವನಾಗಿಸುತ್ತಾನೆ. ಕರಡಿನಲ್ಲಿ ಸದ್ಯಕ್ಕೆ ‘ಅಜೀಜ್ ಆಗಾ’ ಎಂದೇ ಇದೆ. ಅದರ ಕೆಳಗೆ ಎಲ್ಲ ಕಡೆಯೂ ಪೆನ್ಸಿಲ್ಲಿನ ಗೆರೆ ಎಳೆದಿಟ್ಟಿದ್ದೇನೆ.